ಮನೆಯವರ ಕಳ್ಳಹೆಜ್ಜೆ

ಮಲಗಿದವರ ನಿದ್ದೆ ಕೆಡಬಾರದೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಲೈಟು ಹಾಕದೆ, ಗೋಡೆ ಸವರಿಕೊಂಡು ಒಳಗೆ ಬರುವ ನಡಿಗೆಗೆ ಕನ್ನಡದಲ್ಲಿರುವ ಹೆಸರು ಕಳ್ಳಹೆಜ್ಜೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಸೌಜನ್ಯಕ್ಕೆಂದು ಮೆಲ್ಲಗೆ ನಡೆಯುವ ಮಗನ ಸದ್ದು, ಕದಿಯಲೆಂದು ಮೆಲ್ಲಗೆ ನಡೆಯುವವನ ಸದ್ದು, ಇವೆರಡೂ ಒಳಕೋಣೆಯ ಅರೆನಿದ್ದೆಯ ಕಿವಿಗೆ ಒಂದೇ. ಕಳ್ಳನೆಂದುಕೊಂಡು ಮನೆಯವರ ಮೇಲೇ ಕೈ ಎತ್ತುವ ಅಪಾಯ ಇರುವುದು ಇಲ್ಲೇ. ಆದ್ದರಿಂದ ಮೊದಲ ನಿಯಮ ಸ್ವಲ್ಪ ತಿರುಗಾಮುರುಗಾ ಇದೆ: ರಾತ್ರಿ ತಡವಾಗಿ ಬರುವವರು, ನಡುರಾತ್ರಿ ಎದ್ದು ನೀರು ಕುಡಿಯುವವರು ಧಾರಾಳವಾಗಿ ಸದ್ದು ಮಾಡಲಿ. ಲೈಟು ಹಾಕಲಿ, ಬಾಗಿಲು ಮುಚ್ಚಿದ್ದು ಕೇಳಿಸಲಿ, "ನಾನೇ, ಬಂದೆ" ಅನ್ನಲಿ. ಅರ್ಧ ನಿಮಿಷದ ನಿದ್ದೆ ಹೋದರೆ ಹೋಗಲಿ.

ಎಚ್ಚರವಾದವರ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಕಷ್ಟದ್ದು. ಗಾಢ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ. ಆ ಹೊತ್ತಿನಲ್ಲಿ ಎಬ್ಬಿಸಿದರೆ ಕಣ್ಣು ತೆರೆದಿರುತ್ತದೆ, ಕಾಲು ನೆಲಕ್ಕೂರಿರುತ್ತದೆ, ಬುದ್ಧಿ ಮಾತ್ರ ಇನ್ನೂ ಹಾಸಿಗೆಯಲ್ಲೇ ಇರುತ್ತದೆ. ಈ ಮಂಪರು ಸಾಮಾನ್ಯವಾಗಿ 15ರಿಂದ 30 ನಿಮಿಷ ಇರುತ್ತದೆ. ನಿದ್ದೆಗೆಟ್ಟ ದಿನಗಳಲ್ಲಿ ಇನ್ನೂ ಹೆಚ್ಚು. ಕುಡಿದಿದ್ದರೆ ಅಥವಾ ನಿದ್ದೆ ಮಾತ್ರೆ ನುಂಗಿದ್ದರೆ ಕೇಳುವುದೇ ಬೇಡ. ಈ ಸ್ಥಿತಿಯಲ್ಲಿ ಹೊಳೆದ ಮೊದಲ ಯೋಚನೆಯನ್ನೇ ತೀರ್ಮಾನ ಎಂದುಕೊಳ್ಳಬಾರದು.

ಕಣ್ಣೂ ಕೈಕೊಡುತ್ತದೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಜೀವಕೋಶಗಳು ಕಣ್ಣಿನ ಹಿಂಪರದೆಯಾದ ರೆಟಿನಾದ ನಟ್ಟನಡುವೆ ಇರುವುದೇ ಇಲ್ಲ. ಅಂದರೆ ಕತ್ತಲಲ್ಲಿ ಯಾವುದನ್ನು ನೆಟ್ಟ ನೋಟದಿಂದ ನೋಡುತ್ತೀರೋ ಅದೇ ಸರಿಯಾಗಿ ಕಾಣುವುದಿಲ್ಲ. ನೋಟವನ್ನು ತುಸು ಪಕ್ಕಕ್ಕೆ ಸರಿಸಿದರೆ ಕಾಣುತ್ತದೆ. ಕಂಡರೂ ಬಣ್ಣವಿಲ್ಲ, ಮುಖದ ವಿವರವಿಲ್ಲ, ಬರೀ ಆಕಾರ. ಆ ಆಕಾರಕ್ಕೆ ಮುಖ ಜೋಡಿಸುವುದು ಭಯ. ಪೂರ್ತಿ ಕತ್ತಲಲ್ಲಿ ಚಾರ್ಜರಿನ ಸಣ್ಣ ಚುಕ್ಕಿ ಬೆಳಕನ್ನೇ ದಿಟ್ಟಿಸುತ್ತಿದ್ದರೆ ಅದು ನಿಧಾನವಾಗಿ ಅಲುಗಾಡುವಂತೆ ಕಾಣುತ್ತದೆ. ಕತ್ತಲಲ್ಲಿ ನಿಂತು ನೋಡಿ ಯಾರೆಂದು ಗುರುತಿಸುತ್ತೇನೆ ಎಂಬ ಧೈರ್ಯ ಬೇಡವೇ ಬೇಡ.

ಹಾಗಾದರೆ ಸದ್ದು ಕೇಳಿದಾಗ ಮೊದಲು ಮಾಡಬೇಕಾದದ್ದೇನು? ಎದ್ದು ನಿಲ್ಲುವುದಲ್ಲ. ಕೈ ಚಾಚಿ ಪಕ್ಕದ ಹಾಸಿಗೆಯನ್ನು ಮುಟ್ಟಿ ನೋಡುವುದು. ಕಣ್ಣಿನಲ್ಲಿ ನೋಡಿದರೆ ಸಾಲದು, ಕೈಯಿಂದಲೇ ಮುಟ್ಟಬೇಕು. ಮುದುಡಿದ ಹೊದಿಕೆ ಕತ್ತಲಲ್ಲಿ ಮಲಗಿದ ಮನುಷ್ಯನಂತೆಯೇ ಕಾಣುತ್ತದೆ. ಜಾಗ ಖಾಲಿ ಇದ್ದರೆ ಹೆಚ್ಚಿನ ಸಲ ಉತ್ತರ ಅಲ್ಲೇ ಸಿಕ್ಕಿತು. ಪಕ್ಕದವರು ಇದ್ದರೆ ಅವರನ್ನೂ ಎಬ್ಬಿಸಿ, ಇಬ್ಬರೂ ಸೇರಿ ತಲೆ ಎಣಿಸಿ: ಈ ರಾತ್ರಿ ಮನೆಯಲ್ಲಿ ಯಾರ್‍ಯಾರು, ಯಾರು ಇನ್ನೂ ಬರಬೇಕು, ಬೀಗದ ಕೈ ಯಾರ ಹತ್ತಿರ ಇದೆ. ಈ ಪಟ್ಟಿ ತಲೆಯಲ್ಲಿ ಸಿದ್ಧವಾಗಿರಬೇಕಾದರೆ ಮಲಗುವ ಮೊದಲೇ ಒಂದು ಮಾತು ಆಗಿರಬೇಕು. ಉಳಿದುಕೊಂಡ ನೆಂಟರ ಸುದ್ದಿ ಮನೆಯ ಎಲ್ಲರಿಗೂ ಮುಟ್ಟಿರಬೇಕು, ತಡವಾಗಿ ಬಂದು ನೇರ ಕೋಣೆ ಸೇರುವವರಿಗೂ.

ಹಾಸಿಗೆ ಮುಟ್ಟಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ನೋಡಿದ ಮೊಕದ್ದಮೆಯೊಂದಿದೆ. 2013ರ ಫೆಬ್ರವರಿ 14ರ ನಸುಕಿನಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಓಟಗಾರ ಆಸ್ಕರ್ ಪಿಸ್ಟೋರಿಯಸ್ ಮುಚ್ಚಿದ ಶೌಚಾಲಯದ ಬಾಗಿಲಿನ ಮೂಲಕ ನಾಲ್ಕು ಗುಂಡು ಹಾರಿಸಿದ. ಒಳಗಿದ್ದ ಗೆಳತಿ ರೀವಾ ಸ್ಟೀನ್‌ಕ್ಯಾಂಪ್ ಸತ್ತರು. ಅವಳು ಹಾಸಿಗೆಯಲ್ಲೇ ಇದ್ದಾಳೆಂದುಕೊಂಡಿದ್ದೆ, ಒಳಗಿರುವುದು ಕಳ್ಳನೆಂದು ಭಾವಿಸಿದೆ ಎಂಬುದು ಅವನ ವಾದ. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಕೊಲೆಯೆಂದೇ ತೀರ್ಪಿತ್ತಿತು. ಬಾಗಿಲ ಹಿಂದೆ ಯಾರೇ ಇರಲಿ, ಗುಂಡು ಹಾರಿಸಿದರೆ ಅವರು ಸಾಯಬಹುದೆಂದು ಅವನಿಗೆ ಗೊತ್ತಿತ್ತು ಎಂಬುದು ತೀರ್ಪಿನ ತಿರುಳು. ಅವನ ವಾದ ನಿಜವೋ ಸುಳ್ಳೋ, ಮುಚ್ಚಿದ ಬಾಗಿಲಿನ ಮೇಲೆ, ಮುಖ ಕಾಣದ ಆಕಾರದ ಮೇಲೆ ಯಾವ ಆಯುಧವನ್ನೂ ಬೀಸುವಂತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಕಟುವಾದ ಪಾಠ ಬೇಕಿಲ್ಲ.

ಎರಡನೆಯದು ಬೆಳಕು. ಇಲ್ಲಿ ಹೆಚ್ಚಿನವರು ತಪ್ಪು ದೀಪ ಹಾಕುತ್ತಾರೆ. ಮಲಗುವ ಕೋಣೆಯ ದೊಡ್ಡ ಲೈಟು ಹಾಕಿದರೆ ನಿಮ್ಮ ಕಣ್ಣೇ ಕುಕ್ಕುತ್ತದೆ. ಆಮೇಲೆ ಕತ್ತಲ ಹಜಾರದಲ್ಲಿ ಏನೂ ಕಾಣುವುದಿಲ್ಲ, ಕಣ್ಣು ಮತ್ತೆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಹೊತ್ತಬೇಕಾದದ್ದು ನಿಮ್ಮ ದೀಪವಲ್ಲ, ಸದ್ದು ಮಾಡಿದವರ ಕಡೆಯ ದೀಪ. ಹಜಾರದ ಅಥವಾ ಕೋಣೆಗಳ ನಡುವಿನ ಓಣಿಯ ಲೈಟಿಗೆ ಹಾಸಿಗೆಯ ತಲೆಬದಿಯಲ್ಲೊಂದು ಸ್ವಿಚ್ ಇರಲಿ. ಮೆಟ್ಟಿಲ ದೀಪಕ್ಕೆ ಮೇಲೊಂದು ಕೆಳಗೊಂದು ಸ್ವಿಚ್ ಇಡುತ್ತಾರಲ್ಲ, ಅದೇ ಟೂ ವೇ ಜೋಡಣೆ: ಮೂರು ಟರ್ಮಿನಲ್ಲಿನ ಎರಡು ಸ್ವಿಚ್, ನಡುವೆ ಎರಡು ತಂತಿ. ಮಲಗಿದಲ್ಲಿಂದಲೇ ಕೈ ಎಟುಕಬೇಕು. ಗೋಡೆ ಒಡೆಯಲು ಮನಸ್ಸಿಲ್ಲದಿದ್ದರೆ ರಿಮೋಟ್ ಬಲ್ಬ್ ಆದೀತು, ಆದರೆ ರಿಮೋಟು ದಿಂಬಿನಡಿ ಹುದುಗುವ ವಸ್ತು. ಗೋಡೆಯ ಸ್ವಿಚ್ ಎಲ್ಲಿಗೂ ಹೋಗುವುದಿಲ್ಲ.

ಸ್ವಿಚ್ ಇಲ್ಲದೆ ತಾನೇ ಹೊತ್ತುವ ಸೆನ್ಸರ್ ದೀಪಗಳು ಇನ್ನೂ ಒಳ್ಳೆಯವು, ಇಡುವ ಜಾಗ ಗೊತ್ತಿದ್ದರೆ. ಇವು ದೇಹದ ಶಾಖದ ಚಲನೆಯನ್ನು ಹಿಡಿಯುತ್ತವೆ. ಎದುರಿನಿಂದ ನೇರ ಬರುವವರನ್ನು ತಡವಾಗಿ, ಅಡ್ಡ ಹಾಯುವವರನ್ನು ಕೂಡಲೇ ಗುರುತಿಸುತ್ತವೆ. ಹಾಗಾಗಿ ಓಣಿಯ ಕೊನೆಯಲ್ಲಿ ಬೇಡ, ಪಕ್ಕದ ಗೋಡೆಯಲ್ಲಿ, ನೆಲದಿಂದ 30ರಿಂದ 60 ಸೆಂಟಿಮೀಟರ್ ಎತ್ತರದಲ್ಲಿರಲಿ. ಬೆಕ್ಕು ಸಾಕಿದವರು ಇನ್ನೂ ಮೇಲಿಡಲಿ. ಸೆಕೆಯ ರಾತ್ರಿ ಕೋಣೆಯ ಶಾಖ ಮೈಶಾಖದ ಹತ್ತಿರ ಬಂದರೆ ಸೆನ್ಸರ್ ಮಂಕಾಗುತ್ತದೆ. ಮುಂದಿನ ಗಾಜಿನಂಥ ಮುಚ್ಚಳಕ್ಕೆ ಧೂಳು ಹಿಡಿದರೂ ಅದೇ ಪಾಡು, ತಿಂಗಳಿಗೊಮ್ಮೆ ಒರೆಸಬೇಕು. ಬಣ್ಣ ಹಳದಿಯದ್ದಿರಲಿ, ಬೆಳಕಿನ ಬಣ್ಣದ ಅಳತೆಯಲ್ಲಿ 2700 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆ. ಪ್ಲಗ್ಗಿಗೆ ಸಿಕ್ಕಿಸುವುದೊಂದು, ಬ್ಯಾಟರಿಯದ್ದೊಂದು ಇಟ್ಟರೆ ಕರೆಂಟು ಹೋದ ರಾತ್ರಿಯೂ ನಡೆಯುತ್ತದೆ.

ಕೈಯ ಟಾರ್ಚಿಗೆ 100–200 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಬೇಕಾದಷ್ಟಾಯಿತು. ಮುಖಕ್ಕೆ ನೇರ ಹಿಡಿಯಬೇಡಿ, ಚಾವಣಿಗೆ ಹಿಡಿಯಿರಿ. ಕೋಣೆಯೆಲ್ಲ ಮೆತ್ತಗೆ ಬೆಳಗುತ್ತದೆ, ಮುಖ ಸರಿಯಾಗಿ ಕಾಣುತ್ತದೆ. ಆಯುಧಕ್ಕೆ ಅಂಟಿಸಿದ ಟಾರ್ಚು ಮಾತ್ರ ಈ ಕೆಲಸಕ್ಕೆ ಬೇಡ: ಯಾರೆಂದು ನೋಡಬೇಕಾದರೆ ಆಯುಧವನ್ನು ಅವರತ್ತಲೇ ತಿರುಗಿಸಬೇಕಾಗುತ್ತದೆ.

ಮೂರನೆಯದು ಕೂಗು. ಕೋಣೆಯಿಂದ ಹೊರಬರುವ ಮೊದಲೇ, ಮುಚ್ಚಿದ ಬಾಗಿಲ ಹಿಂದೆ ನಿಂತು, ಹೆಸರು ಹಿಡಿದು ಗಟ್ಟಿಯಾಗಿ ಕರೆಯಿರಿ. ಬರೀ "ಯಾರದು?" ಎಂದರೆ ನಿದ್ದೆಗಣ್ಣಿನ ಹುಡುಗನೂ ಬೆದರಿ ಸುಮ್ಮನಾಗಬಹುದು, ಹೆಸರು ಕರೆದರೆ "ಹ್ಞಾಂ" ಎನ್ನುತ್ತಾನೆ. ಕರೆಸಿಕೊಂಡವರೂ ಅಭ್ಯಾಸ ಮಾಡಿಕೊಳ್ಳಬೇಕು: ನಿಂತಲ್ಲೇ ನಿಲ್ಲಬೇಕು, ಹೆಸರು ಹೇಳಬೇಕು, ಹತ್ತಿರದ ಲೈಟು ಹಾಕಬೇಕು. ಹೆದರಿಸೋಣವೆಂದು ತಮಾಷೆಗೆ ಬಾಯಿ ಮುಚ್ಚಿಕೊಂಡಿರುವ ಆಟಕ್ಕೆ ರಾತ್ರಿ ಜಾಗವಿಲ್ಲ.

ಆದರೆ ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಕಳ್ಳ ಎಂದಲ್ಲ, ಇದನ್ನು ಒತ್ತಿ ಹೇಳಬೇಕು. ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ ಅಜ್ಜನಿಗೆ ನಿಮ್ಮ ಕೂಗು ಕೇಳುವುದಿಲ್ಲ. ಮರೆವಿನ ಕಾಯಿಲೆಯ ಹಿರಿಯರು ನಡುರಾತ್ರಿ ಎದ್ದು ಬಾಗಿಲ ಚಿಲಕ ಎಳೆಯುವುದು, ಬೀರು ಕೆದಕುವುದು ಸಾಮಾನ್ಯ. ಅವರಿಗೆ ನಿಮ್ಮ ಪ್ರಶ್ನೆ ಅರ್ಥವಾಗದಿರಬಹುದು. ನಿದ್ದೆಯಲ್ಲಿ ನಡೆಯುವ ಮಗು ಕಣ್ಣು ಬಿಟ್ಟಿದ್ದರೂ ಓಗೊಡುವುದಿಲ್ಲ, ಅದೂ ನಡೆಯುವುದು ಹೆಚ್ಚಾಗಿ ರಾತ್ರಿಯ ಆ ಮೊದಲ ಪಾಲಿನಲ್ಲೇ, ಅಂದರೆ ನೀವು ಅತಿ ಮಂಪರಿನಲ್ಲಿ ಏಳುವ ಹೊತ್ತಿನಲ್ಲೇ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಫ್ರಿಜ್ಜಿನ ಮುಂದೆ ನಿಂತವರ ಕಥೆಯೂ ಇಷ್ಟೇ. ಇಂಥವರಿರುವ ಮನೆಯಲ್ಲಿ ಅವರ ಕೋಣೆಯ ಬಾಗಿಲಿಗೇ ಒಂದು ಸೆನ್ಸರ್ ಗಂಟೆ ಹಾಕುವುದು ಜಾಣತನ. ಮುಂಬಾಗಿಲಿನ ಗಂಟೆಯ ದನಿ ಬೇರೆ, ಅವರ ಕೋಣೆಯ ಗಂಟೆಯ ದನಿ ಬೇರೆ ಇದ್ದರೆ ಹಾಸಿಗೆಯಲ್ಲಿದ್ದೇ ಯಾರೆಂದು ತಿಳಿಯುತ್ತದೆ. ಇದರಲ್ಲಿರುವುದು ಬಾಗಿಲಿಗೊಂದು ಅಯಸ್ಕಾಂತ, ಚೌಕಟ್ಟಿಗೊಂದು ಸ್ವಿಚ್. ಎರಡರ ನಡುವಿನ ಸಂದು ಒಂದೆರಡು ಸೆಂಟಿಮೀಟರ್ ದಾಟಬಾರದು. ಮಳೆಗಾಲದಲ್ಲಿ ಮರ ಉಬ್ಬಿ ಸಂದು ಹಿಗ್ಗಿದರೆ ಅದು ಬಾಗಿಲು ಸದಾ ತೆರೆದೇ ಇದೆ ಎಂದುಕೊಂಡು, ನಿಜವಾಗಿ ತೆರೆದಾಗ ಬಾಯಿ ಬಿಡುವುದಿಲ್ಲ.

ಡಿಜಿಟಲ್ ಬೀಗವಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪಿನ್ ಅಥವಾ ಬೆರಳಚ್ಚು ಕೊಡಿ. ಆಗ ಫೋನಿಗೆ ಬರುವ ಸೂಚನೆಯಲ್ಲಿ ಹೆಸರೇ ಇರುತ್ತದೆ; ಮನೆಗೆಲ್ಲ ಒಂದೇ ಪಿನ್ ಆದರೆ ಬಾಗಿಲು ತೆರೆಯಿತು ಎಂದಷ್ಟೇ ಗೊತ್ತಾಗುತ್ತದೆ, ಅದು ಇನ್ನಷ್ಟು ಗಾಬರಿ. ಕ್ಯಾಮೆರಾ ಒಳ್ಳೆಯದೇ, ಆದರೆ ರಾತ್ರಿಯ ಚಿತ್ರ ಕಪ್ಪುಬಿಳುಪು, ಹತ್ತಿರ ಬಂದ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಮುಖಕ್ಕಿಂತ ಎತ್ತರ, ನಡಿಗೆ ನೋಡಿ.

ತಡವಾಗಿ ಬರುವವರು ಬಾಗಿಲ ಹೊರಗಿಂದಲೇ ಫೋನ್ ಮಾಡಲಿ. ಒಳಗಿನವರ ಫೋನು ರಾತ್ರಿ ಮೌನದಲ್ಲಿರುತ್ತದೆ ಎಂಬುದೇ ತೊಡಕು. ಡು ನಾಟ್ ಡಿಸ್ಟರ್ಬ್ ಸೆಟ್ಟಿಂಗಿನಲ್ಲಿ ಮನೆಯವರ ನಂಬರುಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸಿ. ಮತ್ತೆ ಮತ್ತೆ ಬರುವ ಕರೆಗೆ ಅವಕಾಶ ಕೊಡುವ ಆಯ್ಕೆಯೂ ಇದೆ: ಐಫೋನಿನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಕರೆ ಬಂದರೆ ಫೋನು ರಿಂಗಾಗುತ್ತದೆ. ಫೋನನ್ನೇ ಪೂರ್ತಿ ಸೈಲೆಂಟಿಗೆ ಹಾಕಿ ಮಲಗಿದರೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ, ಒಮ್ಮೆ ಪರೀಕ್ಷಿಸಿಯೇ ನಂಬಿ.

ದಿಂಬಿನ ಪಕ್ಕ ಕತ್ತಿ, ಕೋಲು ಇಟ್ಟು ಮಲಗುವವರಿಗೆ ಒಂದೇ ಮಾತು: ಕೈಗೆ ಮೊದಲು ಸಿಗುವುದನ್ನೇ ಮಂಪರಿನ ಕೈ ಬಳಸುತ್ತದೆ. ಆ ಜಾಗದಲ್ಲಿ ಟಾರ್ಚು, ಕನ್ನಡಕ, ಫೋನು ಇರಲಿ. ಕನ್ನಡಕ ಬೇಕಾದವರು ಅದನ್ನು ಹಾಕಿಕೊಳ್ಳದೆ ಯಾರನ್ನೂ ಗುರುತಿಸಲು ಹೊರಡಬಾರದು. ಬಂದೂಕಿದ್ದರೆ ಗುಂಡು ತೆಗೆದು, ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಬೀಗದಲ್ಲಿಡಬೇಕು. ತಲೆಯೆಣಿಕೆ ಸರಿಹೋಗಿಯೂ, ಕರೆದರೂ ಉತ್ತರವಿಲ್ಲದೆ ಸದ್ದು ಮುಂದುವರಿದರೆ ಹುಡುಕಿಕೊಂಡು ಹೋಗುವುದು ಬೇಡ. ಚಿಲಕ ಹಾಕಿಕೊಂಡು ತುರ್ತು ಸಂಖ್ಯೆಗೆ ಕರೆ ಮಾಡಿ.

ಇದನ್ನೆಲ್ಲ ಒಂದು ಸಂಜೆ ಆಡಿ ನೋಡಬೇಕು. ಲೈಟುಗಳನ್ನೆಲ್ಲ ಆರಿಸಿ, ಒಬ್ಬರು ಕಣ್ಣು ಮುಚ್ಚಿ ಮಲಗಲಿ, ಇನ್ನೊಬ್ಬರು ಹೊರಗಿನಿಂದ ಬರಲಿ. ಹಾಸಿಗೆ ಮುಟ್ಟಿ, ಸ್ವಿಚ್ ಒತ್ತಿ, ಹೆಸರು ಕರೆಯಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿ. ಹತ್ತು ದಾಟಿದರೆ ಸ್ವಿಚ್ಚಿನ ಜಾಗ ಸರಿಯಿಲ್ಲ. ಆಮೇಲೆ ಪಾತ್ರ ಬದಲಿಸಿ, ಮಕ್ಕಳನ್ನೂ ಸೇರಿಸಿ. ಯಾವ ಹಲಗೆ ಕಿರುಗುಡುತ್ತದೆ, ನಲ್ಲಿ ಮುಚ್ಚಿದಾಗ ಯಾವ ಪೈಪು ದಡ್ ಎನ್ನುತ್ತದೆ, ಬಚ್ಚಲ ಬಾಗಿಲಡಿಯ ಬೆಳಕಿನ ಗೆರೆ ಹಾಸಿಗೆಯಿಂದ ಕಾಣುತ್ತದೆಯೇ, ಇದೂ ಅದೇ ಸಂಜೆ ಗೊತ್ತಾಗುತ್ತದೆ. ಕಾಣದಿದ್ದರೆ ಬಚ್ಚಲಿಗೆ ಹೋಗುವವರು ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೋಗಲಿ.