ವೈದ್ಯೆ ಕೊಡದ ಭರವಸೆ

ಮಗನಿಗೆ ಆಗ ಆರು ವರ್ಷ. ರಾತ್ರಿಯಿಡೀ ಗೊರಕೆ. ನಡುನಡುವೆ ಉಸಿರು ನಿಂತು, ಮರುಕ್ಷಣ ಗಕ್ಕನೆ ಎಳೆದುಕೊಳ್ಳುವ ಸದ್ದು. ಹಗಲಲ್ಲಿ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಅವನು ‘ಅಮ್ಮ’ ಎಂದರೆ ನನಗೆ ‘ಅಬ್ಬ’ ಎಂದು ಕೇಳುತ್ತಿತ್ತು. ಮೂಗಿಗೆ ಸ್ಟಿರಾಯ್ಡ್ ಸ್ಪ್ರೇ ಹಾಕಿ ನೋಡಿದ್ದಾಯಿತು. ಕಡಿಮೆಯಾದಂತೆ ಕಂಡರೂ ಮತ್ತೆ ಮೊದಲಿನ ಹಾಗೆಯೇ. ನಿದ್ದೆಯ ಪರೀಕ್ಷೆಯಲ್ಲಿ ಉಸಿರು ಕಟ್ಟುತ್ತಿರುವುದು ಖಚಿತವಾದ ಮೇಲೆ ಕಿವಿ-ಮೂಗು-ಗಂಟಲಿನ ವೈದ್ಯೆ ನಮ್ಮನ್ನು ಕೂರಿಸಿಕೊಂಡು ಮಾತನಾಡಿದರು.

ಕತ್ತಿನ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಮೂಗಿನ ಹಿಂದಿನ ಗಾಳಿದಾರಿ ಎಳೆಯಷ್ಟು ತೆಳ್ಳಗಾಗಿರುವುದನ್ನು ತೋರಿಸಿದರು. ಅಲ್ಲಿ ಉಬ್ಬಿ ಕೂತಿದ್ದದ್ದು ಅಡಿನಾಯ್ಡ್. ಎಲ್ಲ ಮಕ್ಕಳಲ್ಲೂ ಇರುವ, ಸೋಂಕಿನೊಡನೆ ಸೆಣಸುವ ಅಂಗಾಂಶ. ಹರೆಯದ ಹೊತ್ತಿಗೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಆದರೆ ಇವನ ಟಾನ್ಸಿಲ್‌ಗಳೂ ದೊಡ್ಡವಾಗಿದ್ದವು. ಎರಡನ್ನೂ ಒಟ್ಟಿಗೆ ತೆಗೆಯುವುದು ಒಳ್ಳೆಯದು ಎಂದರು.

‘ಓದಿನಲ್ಲಿ ಗಮನವೂ ಬರುತ್ತದಲ್ಲವೇ?’ ಎಂದು ಕೇಳಿದೆ. ಶಾಲೆಯಿಂದ ದೂರು ಬಂದಾಗಲೆಲ್ಲ ನಾವು ಮೂಗಿನ ಕಡೆಗೆ ಬೊಟ್ಟು ಮಾಡುತ್ತಿದ್ದೆವು. ಅವರು ‘ಹೌದು’ ಎಂದಿದ್ದರೆ ಆ ಕ್ಷಣವೇ ಸಹಿ ಹಾಕುತ್ತಿದ್ದೆ.

‘ಆ ಮಾತು ಕೊಡಲಾರೆ’ ಎಂದರು. ಅಮೆರಿಕದಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2013ರಲ್ಲಿ ಪ್ರಕಟವಾಗಿದೆಯಂತೆ. ನಿದ್ದೆಯಲ್ಲಿ ಉಸಿರು ಕಟ್ಟುವ 5ರಿಂದ 9 ವರ್ಷದ 464 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿದರು. ಇನ್ನೊಂದನ್ನು ಕಾದು ನೋಡಿದರು. ಏಳು ತಿಂಗಳ ನಂತರ ಗಮನವನ್ನು ಅಳೆಯುವ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಿದ್ದೆಯ ಲೆಕ್ಕ ಮಾತ್ರ ಬೇರೆ. ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡ 79ರಷ್ಟು ಮಕ್ಕಳ ನಿದ್ದೆಯ ಉಸಿರಾಟ ಸಹಜ ಸ್ಥಿತಿಗೆ ಬಂದಿತ್ತು. ಕಾದು ನೋಡಿದವರಲ್ಲಿ ಶೇಕಡ 46.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡನೆಯ ಸಂಖ್ಯೆ. ಏನೂ ಮಾಡದೆಯೂ ಸುಮಾರು ಅರ್ಧದಷ್ಟು ಮಕ್ಕಳು ಸುಧಾರಿಸಿದರೆಂದರೆ, ನಾವೇಕೆ ಕಾಯಬಾರದು? ವೈದ್ಯೆ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ತೀವ್ರತೆ ಕಡಿಮೆಯಿದ್ದ ಮಕ್ಕಳು ತಾವಾಗಿ ಸುಧಾರಿಸುವುದು ಹೆಚ್ಚು, ನಿಮ್ಮ ಮಗ ಆ ಸಾಲಿನವನಲ್ಲ ಎಂದರು. ಅದೇ ಅಧ್ಯಯನದಲ್ಲಿ ಮಗುವಿನ ನಡವಳಿಕೆ ಉತ್ತಮವಾಯಿತೆಂದು ಹೆತ್ತವರು ಬರೆದುಕೊಟ್ಟಿದ್ದಾರೆ, ಆದರೆ ಯಾವ ಮಗುವಿಗೆ ಶಸ್ತ್ರಚಿಕಿತ್ಸೆ ಆಗಿದೆಯೆಂಬುದು ಅವರಿಗೆ ಗೊತ್ತಿತ್ತು ಎಂಬುದನ್ನೂ ಅವರೇ ಸೇರಿಸಿದರು. ತಮ್ಮ ವಾದಕ್ಕೆ ಅನುಕೂಲವಾದ ಸಾಕ್ಷಿಯನ್ನು ತಾವೇ ಸಡಿಲಗೊಳಿಸುವ ವೈದ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಂಬಿಕೆ ಹುಟ್ಟಿದ್ದೇ ಅಲ್ಲಿ.

ಮೊಬೈಲಿಗೆ ಬಂದಿದ್ದ ಸುದ್ದಿಯೊಂದನ್ನೂ ಕೇಳಿಬಿಟ್ಟೆ: ಟಾನ್ಸಿಲ್, ಅಡಿನಾಯ್ಡ್ ತೆಗೆಸಿದವರಿಗೆ ಮುಂದೆ ಶ್ವಾಸಕೋಶದ ಕಾಯಿಲೆ ಹೆಚ್ಚಂತೆ. 2018ರಲ್ಲಿ ಡೆನ್ಮಾರ್ಕಿನ ಸುಮಾರು 12 ಲಕ್ಷ ಮಕ್ಕಳ ದಾಖಲೆಗಳಿಂದ ಅಂಥ ನಂಟೊಂದು ಕಂಡುಬಂದದ್ದು ನಿಜವೆಂದರು. ಆದರೆ ಅದು ದಾಖಲೆಗಳ ಅಧ್ಯಯನ, ಚೀಟಿ ಎತ್ತಿ ಹಂಚಿದ್ದಲ್ಲ. ಮೊದಲೇ ಕಾಯಿಲೆ ಬೀಳುತ್ತಿದ್ದ ಮಕ್ಕಳಿಗೇ ತಾನೆ ಶಸ್ತ್ರಚಿಕಿತ್ಸೆ ಆಗುವುದು? ಕಾರಣ ಯಾವುದು, ಪರಿಣಾಮ ಯಾವುದು ಎಂದು ಅದರಿಂದ ಬಿಡಿಸಿ ಹೇಳುವುದು ಕಷ್ಟ. ‘ಅಗತ್ಯವಿಲ್ಲದವರಿಗೆ ಮಾಡಬಾರದು ಎಂಬುದಕ್ಕೆ ಅದೂ ಒಂದು ನೆನಪೋಲೆ ಎಂದುಕೊಳ್ಳಿ’ ಎಂದರು. ಸಹಿ ಹಾಕಿದೆವು.

ಶಸ್ತ್ರಚಿಕಿತ್ಸೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಬಾಯಿಯ ಮೂಲಕವೇ ಕೆಲಸ. ಹೊರಗೆ ಒಂದು ಗೀರೂ ಇಲ್ಲ. ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೇಯರ್ ಎಂಬ ವೈದ್ಯ 1868ರಲ್ಲಿ ಈ ತೊಂದರೆಯನ್ನು ಜಗತ್ತಿಗೆ ವಿವರಿಸಿದಾಗ, ಬೆರಳಿನಿಂದ ತಡವಿಯೇ ಅದನ್ನು ಪತ್ತೆ ಹಚ್ಚುತ್ತಿದ್ದನಂತೆ. ಈಗ ಎಂಡೋಸ್ಕೋಪಿನಲ್ಲಿ ನೋಡುತ್ತಾ ತೆಗೆಯಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ಮಗನ ಅಂಗುಳ, ಕಿರುನಾಲಿಗೆಗಳನ್ನು ಪರೀಕ್ಷಿಸಿದ್ದರು. ಅಲ್ಲಿ ಒಳಗೊಳಗೇ ಸೀಳಿದ್ದರೆ, ಅಡಿನಾಯ್ಡ್ ಹೋದ ಮೇಲೆ ಮಾತು ಮೂಗಿನಿಂದ ಸೋರತೊಡಗುತ್ತದಂತೆ.

ಯಾರೂ ಸರಿಯಾಗಿ ಹೇಳದೆ ಬಿಟ್ಟದ್ದು ಎಚ್ಚರವಾಗುವ ಹೊತ್ತಿನ ರಂಪವನ್ನು. ಕಣ್ಣು ಬಿಟ್ಟರೂ ನನ್ನ ಗುರುತು ಹತ್ತದೆ, ಕೈಕಾಲು ಬಡಿಯುತ್ತಾ, ಸೂಜಿಯನ್ನು ಕೀಳಲು ಹೊರಟಿದ್ದ. ನಾನು ಎತ್ತಿಕೊಂಡರೆ ಇನ್ನೂ ಜೋರು. ಅರಿವಳಿಕೆ ಇಳಿಯುವಾಗ ಸಣ್ಣ ಮಕ್ಕಳಲ್ಲಿ ಇದು ಸಾಮಾನ್ಯ, ಅವನಿಗೆ ನೆನಪೂ ಇರುವುದಿಲ್ಲ ಎಂದು ನರ್ಸ್ ಸಮಾಧಾನ ಹೇಳಿದರು. ಅವನಿಗೆ ನೆನಪಿಲ್ಲ, ನಿಜ. ನನಗಿದೆ.

ಮನೆಗೆ ಬಂದ ಮೇಲೆ ಗಂಟಲಲ್ಲಿ ಬಿಳಿ ಪೊರೆ, ಬಾಯಲ್ಲಿ ದುರ್ವಾಸನೆ, ನುಂಗಿದಾಗ ಕಿವಿಗೆ ಹಾಯುವ ನೋವು. ಹೊತ್ತು ಹೊತ್ತಿಗೆ ನೋವಿನ ಔಷಧಿ ಕೊಟ್ಟು ನೀರು ಕುಡಿಸುವುದೇ ದೊಡ್ಡ ಕೆಲಸ. ವಾರದ ನಂತರ ಪೊರೆ ಕಳಚುವಾಗ ರಕ್ತ ಬರಬಹುದು, ಬಂದರೆ ತಕ್ಷಣ ಹೊರಡಿ ಎಂದಿದ್ದರಿಂದ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ದಿಂಬನ್ನು ನೋಡುತ್ತಿದ್ದೆ. ರಕ್ತ ಬರಲಿಲ್ಲ. ಗೊರಕೆಯೂ ಇರಲಿಲ್ಲ. ಸದ್ದಿಲ್ಲದ್ದಕ್ಕೇ ಗಾಬರಿಯಾಗಿ ಎದೆಯ ಮೇಲೆ ಕೈಯಿಟ್ಟು ನೋಡಿದ್ದುಂಟು.

ಕೆಲವು ವಾರಗಳಲ್ಲೇ ಅವನಿಗೆ ಜೋರು ಶೀತವಾಯಿತು. ‘ತೆಗೆಸಿದ ಮೇಲೂ ಶೀತವೇ?’ ಎಂದು ನಮ್ಮತ್ತೆ ಹುಬ್ಬೇರಿಸಿದರು. ಪದೇ ಪದೇ ಶೀತವಾಗುತ್ತಿದ್ದ 111 ಮಕ್ಕಳ ಮೇಲೆ ನೆದರ್ಲ್ಯಾಂಡ್ಸ್‌ನಲ್ಲಿ ಅಧ್ಯಯನ ನಡೆಸಿ 2011ರಲ್ಲಿ ಪ್ರಕಟಿಸಿದ್ದಾರೆ, ಅಡಿನಾಯ್ಡ್ ತೆಗೆದವರಿಗೂ ತೆಗೆಯದವರಿಗೂ ವರ್ಷಕ್ಕೆ ಹೆಚ್ಚುಕಡಿಮೆ ಎಂಟೆಂಟು ಸಲ ಸೋಂಕಾಗಿತ್ತು ಎಂದು ನಾನು ವರದಿ ಒಪ್ಪಿಸಿದೆ.

‘ಹಾಗಾದರೆ ತೆಗೆಸಿದ್ದು ಯಾಕಮ್ಮಾ?’

‘ನಿದ್ದೆಗೆ, ಅತ್ತೆ.’

ಶಾಲೆಯ ದೂರು ಈಗಲೂ ಬರುತ್ತಿದೆ. ಅದಕ್ಕೆ ಬೇರೆ ವೈದ್ಯರ ಬಳಿ ದಿನ ಗೊತ್ತು ಮಾಡಿದ್ದೇವೆ.