ಡ್ರಾಯರಿನಲ್ಲಿದ್ದ ನೋಟಿಸು

ಕಂಪನಿ ಮಾರಾಟ, ವಿಲೀನ, ಬ್ಯಾಂಕ್ ಸಾಲದ ಕರಾರು. ನನ್ನ ವಕೀಲಿಕೆ ಇಷ್ಟೇ. ಕರಿ ಕೋಟು ಹಾಕುವುದು ಅಪರೂಪ. ದೊಡ್ಡ ಮೊತ್ತದ ಡೀಲುಗಳಲ್ಲೂ ಕೆಲಸ ಮಾಡಿದ್ದೇನೆ. ಆದರೆ ನನಗೆ ತುಂಬಾ ಹತ್ತಿರವಾದದ್ದು 2019ರ ನವೆಂಬರಿನಲ್ಲಿ ಮುಗಿದ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಮಾರಾಟ.

ಯಜಮಾನರು ಎಲ್ಲಾ ಷೇರುಗಳನ್ನೂ ಪುಣೆಯ ಕಂಪನಿಯೊಂದಕ್ಕೆ ಮಾರುತ್ತಿದ್ದರು. ನಾನು ಅವರ ಕಡೆಯ ವಕೀಲೆ. ಸಹಿಯ ಹಿಂದಿನ ಸಂಜೆ ಕರಾರಿನ ಕಲಮುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕಂಪನಿ ಮೇಲೆ ತೆರಿಗೆ ತಕರಾರು ಇಲ್ಲ ಎಂಬ ವಾರಂಟಿ, ಅಂದರೆ ಮಾರುವವರು ಬರೆದುಕೊಡುವ ಖಾತರಿ, ಬಂದಾಗ ಅವರು ಡ್ರಾಯರ್ ಎಳೆದು ಒಂದು ಕಾಗದ ಮುಂದಿಟ್ಟರು. ಜಿಎಸ್‌ಟಿಗೂ ಮುಂಚಿನ ಕಾಲದ ಎಕ್ಸೈಸ್, ಅಂದರೆ ಸರಕು ತಯಾರಿಕೆ ಮೇಲಿನ ತೆರಿಗೆ, ಯಾಕೆ ವಸೂಲಿ ಮಾಡಬಾರದು ಎಂದು ಕಾರಣ ಕೇಳುವ ಷೋಕಾಸ್ ನೋಟಿಸು. 30 ಲಕ್ಷ ರೂಪಾಯಿಯದ್ದು.

"ಇದನ್ನ ಹೇಳಲೇಬೇಕೇನಮ್ಮಾ? ರೇಟು ಇಳಿಸ್ತಾರೆ."

"ಹೇಳಿದ್ರೇನೇ ನಿಮಗೆ ಕ್ಷೇಮ ಸರ್," ಎಂದೆ. ಮುಚ್ಚಿಟ್ಟು ಸಹಿ ಹಾಕಿದರೆ ವಾರಂಟಿ ಸುಳ್ಳಾಗುತ್ತದೆ. ಕೊಂಡವರು ವರ್ಷಗಳಾದ ಮೇಲೂ ಬಂದು ನಷ್ಟ ಕೇಳಬಹುದು. ಮಾತು ಕೋರ್ಟಿನಲ್ಲಿ ಮೋಸದ ಆರೋಪದವರೆಗೂ ಹೋಗಬಹುದು. ಬಹಿರಂಗಪಡಿಸಿದ ವಿಷಯಗಳ ಪಟ್ಟಿಗೆ ಸೇರಿಸಿದರೆ ಹಾಗಲ್ಲ. ಈ ಒಂದು ತೊಂದರೆಗೆ ಎಷ್ಟು ಹೊಣೆ ಎಂದು ಇವತ್ತೇ ಮಾತಾಡಿ ಮಿತಿ ಹಾಕಬಹುದು. ಅವರು ತುಂಬ ಹೊತ್ತು ಯೋಚಿಸಿ, "ಸರಿ, ಕೊಡಮ್ಮಾ" ಎಂದರು.

ಎದುರು ಪಕ್ಷದ ವಕೀಲರು ರಾತ್ರಿಯೆಲ್ಲಾ ವಾದ ಮಾಡಿದರು. ಕೊನೆಗೆ ಬಡ್ಡಿ, ದಂಡ ಸೇರಿಸಿ ಯಜಮಾನರಿಗೆ ಬರುವ ಹಣದಲ್ಲಿ 50 ಲಕ್ಷವನ್ನು ಎಸ್ಕ್ರೋ ಖಾತೆಯಲ್ಲಿ, ಅಂದರೆ ವ್ಯಾಜ್ಯ ಮುಗಿಯುವವರೆಗೆ ಎರಡೂ ಕಡೆಯವರು ಮುಟ್ಟದ ಖಾತೆಯಲ್ಲಿ, ಇಡುವುದು, ಹೊಣೆ ಅದರಾಚೆ ಹೋಗಬಾರದು ಎಂದು ಒಪ್ಪಂದವಾಯಿತು. ಬೆಲೆ ಮಾತ್ರ ಇಳಿಯಲಿಲ್ಲ.

ಮರುದಿನ ಇನ್ನೊಂದು ಗಂಟು. ಕಾರ್ಖಾನೆಯ ಮೂಲಪತ್ರಗಳು ಸಾಲ ಕೊಟ್ಟ ಬ್ಯಾಂಕಿನಲ್ಲಿದ್ದವು. ದುಡ್ಡು ಬಂದ ಮೇಲೆ ಬಿಡುಗಡೆ ಎಂದು ಬ್ಯಾಂಕು, ಬಿಡುಗಡೆಯಾದ ಮೇಲೆ ದುಡ್ಡು ಎಂದು ಪುಣೆಯವರು. ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ಆರ್‌ಟಿಜಿಎಸ್ ಆಗ ಈಗಿನ ಹಾಗೆ 24 ಗಂಟೆಯೂ ಇರಲಿಲ್ಲ, ಗ್ರಾಹಕರಿಗೆ ಸಂಜೆ 6ರವರೆಗೆ ಮಾತ್ರ. ಇಷ್ಟು ಹಣ ಈ ಖಾತೆಗೆ ಬಂದ ಕೂಡಲೇ ಅಡಮಾನ ತಾನಾಗಿ ತೀರುತ್ತದೆ ಎಂಬ ಪತ್ರವನ್ನು ಬ್ಯಾಂಕಿನಿಂದ ಬರೆಸಿಕೊಂಡೆವು. ಇಂಥ ಪತ್ರ ವಾರ ಮೊದಲೇ ಕೈಯಲ್ಲಿರಬೇಕು, ಆದರೆ ಬ್ಯಾಂಕುಗಳು ಕೊನೆಯ ದಿನದವರೆಗೂ ಕೊಡುವುದಿಲ್ಲ.

ಕಾಯುವಾಗ ಯಜಮಾನರು ಕೇಳಿದ್ದು ತಮ್ಮ ದುಡ್ಡಿನ ಬಗ್ಗೆ ಅಲ್ಲ. "ನಮ್ಮ ಹುಡುಗರ ಗ್ರಾಚ್ಯುಟಿ ಕಥೆ ಏನು?" ಮಾರಾಟವಾಗುತ್ತಿರುವುದು ಷೇರು. ಕಂಪನಿ ಅದೇ, ಕೆಲಸ ಕೊಟ್ಟವರೂ ಅದೇ ಕಂಪನಿ. ಹಾಗಾಗಿ ಸರ್ವಿಸಿನ ವರ್ಷಗಳು ಹಾಗೇ ಮುಂದುವರಿಯುತ್ತವೆ ಎಂದು ವಿವರಿಸಿದೆ. ಅದನ್ನೇ ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಬರೆದುಕೊಡು ಎಂದರು. ಆ ಮನುಷ್ಯನ ಮೇಲೆ ನನಗಿದ್ದ ಗೌರವ ದುಪ್ಪಟ್ಟಾಯಿತು. ಆರಕ್ಕೆ ಮುಂಚೆಯೇ ಹಣ ಬಂತು.

ಆ ವರ್ಷ ಕೇಂದ್ರ ಸರ್ಕಾರ ಹಳೆಯ ಎಕ್ಸೈಸ್, ಸೇವಾ ತೆರಿಗೆ ವ್ಯಾಜ್ಯಗಳಿಗೆ ಸಬ್‌ಕಾ ವಿಶ್ವಾಸ್ ಯೋಜನೆ ತಂದಿತ್ತು. ಇಂಥ ನೋಟಿಸಿನಲ್ಲಿ ತೆರಿಗೆ 50 ಲಕ್ಷದೊಳಗಿದ್ದರೆ ಶೇ. 70ರಷ್ಟು ಮನ್ನಾ, ಬಡ್ಡಿ ದಂಡ ಪೂರ್ತಿ ಮನ್ನಾ. ಕಂಪನಿಯಿಂದ ಅರ್ಜಿ ಹಾಕಿಸಿದೆವು. 9 ಲಕ್ಷಕ್ಕೆ ವ್ಯಾಜ್ಯ ಮುಗಿಯಿತು. ಎಸ್ಕ್ರೋದಲ್ಲಿ ಉಳಿದ 41 ಲಕ್ಷ ಯಜಮಾನರ ಖಾತೆಗೆ ಹೋಯಿತು.