ಗೆರಟೆ ಇದ್ದಿಲು, ಆಟಿಯ ತೇವ ಮತ್ತು ಒಂದು ಗ್ರಾಮಿನ ಲೆಕ್ಕ

ಎಣ್ಣೆ ಗಾಣದ ಹಿಂದೆ ರಾಶಿ ಬೀಳುವ ಗೆರಟೆ, ಅಂದರೆ ತೆಂಗಿನ ಚಿಪ್ಪು, ನಮ್ಮ ಕರಾವಳಿಯಲ್ಲಿ ಬಚ್ಚಲಿನ ಒಲೆಗೆ ಹೋಗುತ್ತದೆ, ಅದರ ಕೆಂಡ ಇಸ್ತ್ರಿ ಪೆಟ್ಟಿಗೆಗೆ. ಅದೇ ಗೆರಟೆಯ ಇದ್ದಿಲನ್ನು ಸರಿಯಾಗಿ ಸಕ್ರಿಯಗೊಳಿಸಿದರೆ (ಒಳಗೆ ಸೂಕ್ಷ್ಮರಂಧ್ರಗಳು ತೆರೆಯುವಂತೆ ಮಾಡಿದರೆ) ಒಂದು ಗ್ರಾಮಿನಲ್ಲಿ ಸಾವಿರದಿಂದ ಎರಡು ಸಾವಿರ ಚದರ ಮೀಟರಿನಷ್ಟು ಒಳಮೈ ತೆರೆದುಕೊಳ್ಳುತ್ತದೆ. ಆ ಒಳಮೈ ಮೇಲೆ ಅಯಾನುಗಳು (ಚಾರ್ಜ್ ಹೊತ್ತ ಕಣಗಳು) ಸಾಲುಗಟ್ಟಿ ನಿಂತರೆ ಅದು ವಿದ್ಯುತ್ ಕೂಡಿಡುವ ಸೂಪರ್‌ಕೆಪಾಸಿಟರ್. ಮಂಗಳೂರು, ಉಡುಪಿ ಕಡೆಯ ವಿದ್ಯಾರ್ಥಿಗಳು ಶಕ್ತಿ ಸಂಗ್ರಹದ ಪ್ರಾಜೆಕ್ಟಿಗೆ ಗೆರಟೆಯನ್ನು ಆರಿಸಿಕೊಳ್ಳುವುದು ಸಹಜ. ಕಚ್ಚಾವಸ್ತು ಪುಕ್ಕಟೆ, ಬೂದಿ ಅಂಶ ಶೇಕಡಾ ಒಂದರ ಆಸುಪಾಸು, ಗಟ್ಟಿತನ ಚೆನ್ನಾಗಿದೆ. ಜಪಾನಿನ ಕುರಾರೇ ಕಂಪನಿ ಸೂಪರ್‌ಕೆಪಾಸಿಟರ್‌ಗಳಿಗೆಂದೇ ಮಾರುವ ಕಾರ್ಬನ್ ಕೂಡ ಗೆರಟೆಯದೇ.

ಇಂಥ ಪ್ರಾಜೆಕ್ಟುಗಳು ಫರ್ನೇಸಿನಲ್ಲಿ ಕೆಡುವುದಕ್ಕಿಂತ ತಕ್ಕಡಿಯ ಮೇಲೆ ಕೆಡುವುದೇ ಹೆಚ್ಚು. ಗ್ರಾಮಿಗೆ ಇಷ್ಟು ಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಎಂದು ಬರೆಯುವಾಗ ಎಲ್ಲರ ಕಣ್ಣೂ ಫ್ಯಾರಡ್ ಮೇಲೆ. ಛೇದದಲ್ಲಿ ಕೂತಿರುವ ಗ್ರಾಂ ಯಾವುದರ ಗ್ರಾಂ, ಎಷ್ಟು ಒಣಗಿದ ಗ್ರಾಂ, ಅದರೊಳಗೆ ಇನ್ನೇನಿದೆ ಎಂಬುದನ್ನು ಕೇಳುವವರು ಕಡಿಮೆ. ಇಡೀ ಕೆಲಸವನ್ನು ಆ ಗ್ರಾಮಿನ ಬೆನ್ನು ಹತ್ತಿಯೇ ನೋಡೋಣ.

ಮೊದಲು ಗೆರಟೆ. ಜುಂಗನ್ನು ಪೂರ್ತಿ ಕೆರೆದು ತೆಗೆಯಬೇಕು, ಒಳಗಿನ ಕಂದು ಸಿಪ್ಪೆಯನ್ನೂ ಬಿಡಬಾರದು. ಅದರಲ್ಲಿ ಉಳಿದ ಎಣ್ಣೆ ಫರ್ನೇಸಿನಲ್ಲಿ ಹೊಗೆಯಾಗಿ ಕೊಳವೆಗೆ ಮೆತ್ತಿಕೊಳ್ಳುತ್ತದೆ. ತೊಳೆದು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿ, 1ರಿಂದ 2 ಮಿಲಿಮೀಟರ್ ಚೂರುಗಳಾಗಿ ಪುಡಿ ಮಾಡಿ. ಕಬ್ಬಿಣದ ಯಂತ್ರದಲ್ಲಿ ಪುಡಿ ಮಾಡಿದರೆ ಅದರ ಚೂರು ಸೇರುತ್ತದೆ. ಕೊನೆಗೆ ಆಮ್ಲದ ಎಲೆಕ್ಟ್ರೋಲೈಟ್ (ಅಯಾನುಗಳಿರುವ ದ್ರಾವಣ) ಬಳಸಿದಾಗ ಆ ಕಬ್ಬಿಣ ಎರಡು ಎಲೆಕ್ಟ್ರೋಡ್‌ಗಳ ನಡುವೆ ಓಡಾಡಿ ಚಾರ್ಜನ್ನು ಒಳಗೊಳಗೇ ಸೋರಿಸುತ್ತದೆ. ಪುಡಿಯ ಮೇಲೆ ಆಯಸ್ಕಾಂತ ಆಡಿಸುವುದು ಎರಡು ನಿಮಿಷದ ಕೆಲಸ.

ನೈಟ್ರೋಜನ್ ಹರಿವಿನಲ್ಲಿ ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ 500 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ 100 ಗ್ರಾಂ ಒಣ ಗೆರಟೆಯಿಂದ 25ರಿಂದ 30 ಗ್ರಾಂ ಇದ್ದಿಲು ಸಿಗುತ್ತದೆ. ಇದಕ್ಕಿಂತ ತುಂಬ ಕಡಿಮೆ ಬಂತೆಂದರೆ ಎಲ್ಲೋ ಗಾಳಿ ನುಗ್ಗಿ ಇದ್ದಿಲು ಉರಿದಿದೆ. ಗೇರುಬೀಜದ ಸಿಪ್ಪೆಯಲ್ಲಿ ಇದನ್ನೇ ಮಾಡಹೊರಟವರು ಒಂದು ಮಾತು ನೆನಪಿಡಿ: ಆ ಸಿಪ್ಪೆಯ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಫೀನಾಲ್ ಜಾತಿಯ ಎಣ್ಣೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಫರ್ನೇಸಿನ ಹೊರಕೊಳವೆಯಲ್ಲಿ ಡಾಂಬರಾಗಿ ಗಟ್ಟಿಯಾಗುತ್ತದೆ. ಎಣ್ಣೆ ತೆಗೆದ ಸಿಪ್ಪೆಯನ್ನೇ ತನ್ನಿ.

ಈಗ ಸಕ್ರಿಯಗೊಳಿಸುವುದು. ಇದ್ದಿಲು ಒಂದಕ್ಕೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಮೂರು ಎಂಬ ಅನುಪಾತ ಸಾಮಾನ್ಯ. ತಪ್ಪಿದ ಗ್ರಾಂ ಮೊದಲು ಕಾಣಿಸಿಕೊಳ್ಳುವುದೂ ಇಲ್ಲೇ. ಬಾಟಲಿಯಲ್ಲಿ ಬರುವ ಹೈಡ್ರಾಕ್ಸೈಡ್ ಗುಳಿಗೆ ಸಾಮಾನ್ಯವಾಗಿ ಶೇಕಡಾ 85 ಮಾತ್ರ, ಉಳಿದದ್ದು ಬಹುಪಾಲು ನೀರು. ಆದ್ದರಿಂದ 10 ಗ್ರಾಂ ಇದ್ದಿಲಿಗೆ 30 ಗ್ರಾಂ ಬೇಕಿದ್ದರೆ ತೂಗಬೇಕಾದದ್ದು 35.3 ಗ್ರಾಂ. ಮಳೆಗಾಲದ ಆಟಿ ತಿಂಗಳಲ್ಲಿ ಮುಚ್ಚಳ ತೆರೆದಿಟ್ಟ ಬಾಟಲಿಯಾದರೆ ಅದೂ ಸಾಲದು. ಗುಳಿಗೆ ಗಾಳಿಯ ತೇವ ಎಳೆದುಕೊಂಡು ಜಿನುಗುತ್ತಿರುತ್ತದೆ, ಕಾರ್ಬನ್ ಡೈಆಕ್ಸೈಡ್ ಹೀರಿ ಮೇಲೆ ಬಿಳಿ ಕಾರ್ಬೊನೇಟ್ ಪದರ ಕಟ್ಟಿರುತ್ತದೆ. ಬೇಸಿಗೆಯಲ್ಲಿ ಬಂದ ಫಲಿತಾಂಶ ಜುಲೈಯಲ್ಲಿ ಬರುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಈ ಬಾಟಲಿಯನ್ನು ನೋಡಲಿ. ಒಂದು ಗುಳಿಗೆಯನ್ನು ಕರಗಿಸಿ, ಬಲ ಗೊತ್ತಿರುವ ಆಮ್ಲದ ವಿರುದ್ಧ ಟೈಟ್ರೇಟ್ ಮಾಡಿದರೆ (ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಖರ್ಚಾಯಿತೆಂದು ಅಳೆದರೆ) ಅದರಲ್ಲಿ ನಿಜಕ್ಕೂ ಎಷ್ಟಿದೆ ಎಂದು ತಿಳಿಯುತ್ತದೆ.

ಹೈಡ್ರಾಕ್ಸೈಡನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಇದ್ದಿಲು ಕಲಸಿ, ರಾತ್ರಿಯಿಡೀ ನೆನೆಸಿ, 110 ಡಿಗ್ರಿಯಲ್ಲಿ ಒಣಗಿಸಿ. ನಿಕ್ಕಲ್ ಕ್ರೂಸಿಬಲ್‌ನಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಬೇಕು, ಏಕೆಂದರೆ 400 ಡಿಗ್ರಿಯ ಹತ್ತಿರ ಕರಗಿ, ನೀರು ಬಿಟ್ಟು, ನೊರೆಯೆದ್ದು ಉಕ್ಕುತ್ತದೆ. ಅಲ್ಲಿ ಅರ್ಧ ಗಂಟೆ ನಿಲ್ಲಿಸಿ, ನಂತರ 800 ಡಿಗ್ರಿಗೆ ಏರಿಸಿ ಒಂದು ಗಂಟೆ. ಹೈಡ್ರಾಕ್ಸೈಡ್ ಕಾರ್ಬನ್ನನ್ನು ತಿಂದು ಕಾರ್ಬೊನೇಟ್, ಹೈಡ್ರೋಜನ್ ಮತ್ತು ಲೋಹರೂಪದ ಪೊಟ್ಯಾಷಿಯಂ ಆಗುತ್ತದೆ. ಲೋಹ ಕುದಿಯುವುದು 759 ಡಿಗ್ರಿಯಲ್ಲಿ. ಅದರ ಆವಿ ಕಾರ್ಬನ್ನಿನ ಪದರಗಳ ನಡುವೆ ನುಗ್ಗಿ ಅವುಗಳನ್ನು ಅಗಲಿಸುತ್ತದೆ, ಸೂಕ್ಷ್ಮರಂಧ್ರಗಳ ಹುಟ್ಟಿನಲ್ಲಿ ಇದರದೂ ಪಾಲಿದೆ. ಅದೇ ಆವಿ ಕ್ವಾರ್ಟ್ಸ್ ಕೊಳವೆಯನ್ನೂ ತಿನ್ನುತ್ತದೆ. ಕೊಳವೆ ಹಾಲಿನಂತೆ ಬೆಳ್ಳಗಾಗಿ ಸೀಳುತ್ತದೆ.

ಅಪಾಯ ಇರುವುದು ಇಳಿಸುವಾಗ. ಹೊರಹೋಗುವ ಅನಿಲವನ್ನು ನೀರಿನ ಬಾಟಲಿಯಲ್ಲಿ ಗುಳ್ಳೆಯಾಗಿ ಬಿಡುವುದು ರೂಢಿ. ಫರ್ನೇಸ್ ತಣ್ಣಗಾಗುವಾಗ ನೈಟ್ರೋಜನ್ ನಿಂತರೆ ಒಳಗಿನ ಒತ್ತಡ ಕುಸಿದು ಆ ನೀರು ಹಿಂದಕ್ಕೆ ಎಳೆದುಕೊಂಡು ಪೊಟ್ಯಾಷಿಯಂ ಇರುವ ಬಿಸಿ ಕ್ರೂಸಿಬಲ್ ಸೇರುತ್ತದೆ. ಇದು ಸ್ಫೋಟ. ನಡುವೆ ಒಂದು ಖಾಲಿ ಬಾಟಲಿ ಇಟ್ಟರೆ ನೀರು ಅಲ್ಲೇ ನಿಲ್ಲುತ್ತದೆ. ಸಿಲಿಂಡರಿನಲ್ಲಿ ಕೋಣೆಯ ಉಷ್ಣತೆಗೆ ಇಳಿಯುವವರೆಗೂ ಸಾಕಾಗುವಷ್ಟು ಅನಿಲ ಇದೆಯೇ ಎಂದು ಫರ್ನೇಸ್ ಹಚ್ಚುವ ಮೊದಲೇ ನೋಡಿಕೊಳ್ಳಿ. ಪೂರ್ತಿ ತಣ್ಣಗಾದ ಮೇಲೂ ನೇರ ನೀರು ಹಾಕಬಾರದು. ಹೊಗೆ ಎಳೆಯುವ ಹುಡ್‌ನೊಳಗೆ, ನೈಟ್ರೋಜನ್ ಹರಿಸುತ್ತಲೇ, ಐಸೋಪ್ರೊಪೈಲ್ ಆಲ್ಕೋಹಾಲನ್ನು ಹನಿಹನಿಯಾಗಿ ಬಿಟ್ಟು, ಗುಳ್ಳೆ ನಿಂತ ಮೇಲೆ ನೀರು. ಆಮೇಲೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಲಕಿ, ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ಪಿಎಚ್ ಪೇಪರ್ 7 ತೋರಿಸಿತೆಂದು ನಿಲ್ಲಿಸಬೇಡಿ. ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟಾಗ ಬಿಳಿ ಮಬ್ಬು ಬಾರದಿದ್ದರೆ ಮಾತ್ರ ಕ್ಲೋರೈಡ್ ಹೋಗಿದೆ ಎಂದರ್ಥ. ರಂಧ್ರದಲ್ಲಿ ಉಳಿದ ಉಪ್ಪು ಕೂಡ ನಿಮ್ಮ ಗ್ರಾಮಿನಲ್ಲಿ ಸೇರಿ ತೂಗುತ್ತದೆ. ಎಲ್ಲ ಮುಗಿದಾಗ 10 ಗ್ರಾಂ ಇದ್ದಿಲಿನಲ್ಲಿ ಅರ್ಧದಿಂದ ಮುಕ್ಕಾಲು ಭಾಗ ಕೈಗೆ ಬರುತ್ತದೆ.

ಕಾರ್ಬನ್ ಚೆನ್ನಾಗಿದೆಯೇ? ಒಳಮೈ ಅಳೆಯುವ ನೈಟ್ರೋಜನ್ ಯಂತ್ರಕ್ಕೆ ಸರದಿ ಕಾಯುವ ಬದಲು ಅಯೋಡಿನ್ ಸಂಖ್ಯೆ, ಅಂದರೆ ಒಂದು ಗ್ರಾಂ ಕಾರ್ಬನ್ ಎಷ್ಟು ಮಿ.ಗ್ರಾಂ ಅಯೋಡಿನ್ ಹೀರುತ್ತದೆ ಎಂಬುದನ್ನು ನೋಡಬಹುದು. ಇದಕ್ಕೆ ಬ್ಯೂರೆಟ್ ಸಾಕು. ತೂಗಿದ ಕಾರ್ಬನ್ನಿಗೆ ಶೇಕಡಾ 5ರ ಹೈಡ್ರೋಕ್ಲೋರಿಕ್ ಆಮ್ಲ 10 ಮಿ.ಲೀ. ಹಾಕಿ 30 ಸೆಕೆಂಡ್ ಕುದಿಸಿ, ಆರಿಸಿ, 0.1 ನಾರ್ಮಲ್ ಅಯೋಡಿನ್ ದ್ರಾವಣ 100 ಮಿ.ಲೀ. ಸೇರಿಸಿ 30 ಸೆಕೆಂಡ್ ಜೋರಾಗಿ ಕುಲುಕಿ, ಕೂಡಲೇ ಸೋಸಿ. ಸೋಸಿದ್ದರಲ್ಲಿ 50 ಮಿ.ಲೀ. ತೆಗೆದು 0.1 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ, ಕೊನೆಯಲ್ಲಿ ಗಂಜಿಯ ಸೂಚಕ. ಹಾಕಿದ ಅಯೋಡಿನ್ 1269 ಮಿ.ಗ್ರಾಂ. ಥಯೋಸಲ್ಫೇಟ್ 10 ಮಿ.ಲೀ. ಖರ್ಚಾದರೆ ಒಟ್ಟು 110 ಮಿ.ಲೀ. ದ್ರಾವಣದಲ್ಲಿ ಉಳಿದ ಅಯೋಡಿನ್ 279 ಮಿ.ಗ್ರಾಂ, ಹೀರಿದ್ದು 990. ಅದು 0.9 ಗ್ರಾಂ ಕಾರ್ಬನ್ ಹೀರಿದ್ದಾದರೆ ಗ್ರಾಮಿಗೆ 1100, 0.6 ಗ್ರಾಂ ಹೀರಿದ್ದಾದರೆ 1650. ಉಳಿದ ದ್ರಾವಣ 0.02 ನಾರ್ಮಲ್ ಹತ್ತಿರ ಇದ್ದಾಗಿನ ಬೆಲೆಯೇ ಪ್ರಮಾಣ, ಹಾಗಾಗಿ ಮೂರು ಬೇರೆ ಬೇರೆ ತೂಕದಲ್ಲಿ ಮಾಡಿ ಗೆರೆ ಎಳೆಯಬೇಕು. ಯಂತ್ರದಲ್ಲೇ ಅಳೆಸುವವರಿಗೆ ಒಂದು ಸೂಚನೆ: ಸೂಕ್ಷ್ಮರಂಧ್ರದ ಕಾರ್ಬನ್ನಿಗೆ ಪಠ್ಯಪುಸ್ತಕದ 0.05ರಿಂದ 0.3ರ ಸಾಪೇಕ್ಷ ಒತ್ತಡದ ವ್ಯಾಪ್ತಿ ಹೊಂದುವುದಿಲ್ಲ, 0.1ಕ್ಕಿಂತ ಕೆಳಗಿನ ಬಿಂದುಗಳನ್ನೇ ಆರಿಸಿ.

ನಡುವೆ ಒಂದು ಮಾತು. ವಿಷ ಸೇವಿಸಿ ಬಂದವರಿಗೆ ಆಸ್ಪತ್ರೆಯಲ್ಲಿ ಕುಡಿಸುವುದೂ ಸಕ್ರಿಯ ಇದ್ದಿಲೇ, ವಯಸ್ಕರಿಗೆ ಸಾಮಾನ್ಯವಾಗಿ 50 ಗ್ರಾಂ. ಅದು ಕಬ್ಬಿಣ, ಲಿಥಿಯಂ, ಆಲ್ಕೋಹಾಲುಗಳನ್ನು ಹಿಡಿಯುವುದಿಲ್ಲ. ಔಷಧದ ಅಣುಗಳಿಗೆ ಅಗಲ ರಂಧ್ರ ಬೇಕು, ಅದನ್ನು ಅಂದಾಜಿಸಲು ಅಯೋಡಿನ್ ಬದಲು ಮೆಥಿಲೀನ್ ಬ್ಲೂ ಪರೀಕ್ಷೆ. ಎಲೆಕ್ಟ್ರೋಡಿಗೆ ಒಳ್ಳೆಯದಾದ ಕಾರ್ಬನ್ ಹೊಟ್ಟೆಗೂ ಒಳ್ಳೆಯದು ಎಂದು ಪ್ರಾಜೆಕ್ಟ್ ವರದಿಯ ಕೊನೆಯಲ್ಲಿ ಬರೆಯಬೇಡಿ.

ಎಲೆಕ್ಟ್ರೋಡ್ ಮಾಡುವಾಗ ಕಾರ್ಬನ್ 80, ವಿದ್ಯುತ್ ಹರಿಸುವ ಕಾರ್ಬನ್ ಬ್ಲ್ಯಾಕ್ 10, ಅಂಟಿಸುವ ಬೈಂಡರ್ 10, ಎಲ್ಲ ತೂಕದ ಶೇಕಡಾ ಲೆಕ್ಕದಲ್ಲಿ. ಬೈಂಡರ್ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಆದರೆ ದ್ರಾವಕ ಎನ್‌ಎಂಪಿ, ಮಳೆಗಾಲದಲ್ಲಿ ಇವೆರಡರ ಜೋಡಿ ಕೈಕೊಡುತ್ತದೆ. ಎನ್‌ಎಂಪಿ ತೇವ ಎಳೆಯುತ್ತದೆ, ನೀರು ಸೇರಿದೊಡನೆ ಪಿವಿಡಿಎಫ್ ಹಾಲು ಒಡೆದಂತೆ ಗಟ್ಟಿಗಟ್ಟಿಯಾಗುತ್ತದೆ, ಬಳಿದ ಪದರ ಒಣಗಿದ ಮೇಲೆ ಹೊಪ್ಪಳೆ ಏಳುತ್ತದೆ. ಇದಕ್ಕೆಲ್ಲ ಮೂಲ ಬಹುತೇಕ ತೇವ ಹಿಡಿದ ಕಾರ್ಬನ್ನೇ. ನಮ್ಮ ಮಳೆಗಾಲದ ಗಾಳಿಯಲ್ಲಿ ತೆರೆದಿಟ್ಟ ಸಕ್ರಿಯ ಇದ್ದಿಲು ತನ್ನ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಕುಡಿಯಬಲ್ಲದು. 120 ಡಿಗ್ರಿಯಲ್ಲಿ ವ್ಯಾಕ್ಯೂಮ್ ಒಲೆಯಲ್ಲಿ ರಾತ್ರಿ ಇಟ್ಟು, ಬಿರಡೆಯಿರುವ ತೂಕದ ಬಾಟಲಿಯಲ್ಲಿ ಮುಚ್ಚಿ, ಡೆಸಿಕೇಟರಿನಲ್ಲಿ ಆರಿಸಿ ತೂಗಬೇಕು. ಬಿಸಿಯಿದ್ದಾಗಲೇ ತಕ್ಕಡಿಗಿಟ್ಟರೆ ಮೇಲೇಳುವ ಗಾಳಿ ತೂಕವನ್ನು ಕಡಿಮೆ ತೋರಿಸುತ್ತದೆ. ಎನ್‌ಎಂಪಿ ಗರ್ಭಕ್ಕೆ ಹಾನಿಕರ, ಕೈಗವಸು ಮತ್ತು ಹುಡ್ ಬಿಟ್ಟು ಮುಟ್ಟಬಾರದು.

ಎಲೆಕ್ಟ್ರೋಲೈಟ್ 6 ಮೋಲಾರ್ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಎಂದರೆ ಲೀಟರಿಗೆ ಶುದ್ಧ ರೂಪದಲ್ಲಿ 337 ಗ್ರಾಂ, ಶೇಕಡಾ 85ರ ಗುಳಿಗೆಯಲ್ಲಿ 396. ತಣ್ಣೀರಿಗೆ ಸ್ವಲ್ಪಸ್ವಲ್ಪವೇ ಹಾಕಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಿ.

ಇನ್ನು ಮುಖ್ಯ ಲೆಕ್ಕ. 12 ಮಿಲಿಮೀಟರ್ ವ್ಯಾಸದ ಬಿಲ್ಲೆಯ ವಿಸ್ತೀರ್ಣ 1.13 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 1 ಮಿ.ಗ್ರಾಂ ಬಳಿದರೆ ಅದರಲ್ಲಿ ಕಾರ್ಬನ್ 0.9 ಮಿ.ಗ್ರಾಂ. ತಕ್ಕಡಿ 0.1 ಮಿ.ಗ್ರಾಂ ಮಾತ್ರ ಓದುವಂಥದ್ದಾದರೆ ಶೇಕಡಾ ಹತ್ತಕ್ಕೂ ಹೆಚ್ಚು ತಪ್ಪು ಅಲ್ಲೇ ಹುಟ್ಟಿತು. ಚದರ ಮೀಟರಿಗೆ 350 ಗ್ರಾಂ ತೂಗುವ, ಪದರಕ್ಕೆ ಆಧಾರವಾದ ನಿಕ್ಕಲ್ ಫೋಮ್‌ನ ಬಿಲ್ಲೆಯೇ 40 ಮಿ.ಗ್ರಾಂ ಇರುತ್ತದೆ, ಒಂದು ಬಿಲ್ಲೆ ಇನ್ನೊಂದರಂತೆ ತೂಗುವುದೂ ಇಲ್ಲ. ಪ್ರತಿ ಬಿಲ್ಲೆಯನ್ನೂ ಬಳಿಯುವ ಮೊದಲು ಬೇರೆಯಾಗಿ ತೂಗಿ ಗುರುತು ಹಾಕಿ. ಮಾರುಕಟ್ಟೆಯ ಸಾಧನಗಳಂತೆ ಚದರ ಸೆಂಟಿಮೀಟರಿಗೆ 10 ಮಿ.ಗ್ರಾಂ ಬಳಿದರೆ ತೂಕದ ತಪ್ಪು ಶೇಕಡಾ ಒಂದಕ್ಕಿಳಿಯುತ್ತದೆ, ಜೊತೆಗೆ ತೆಳು ಪದರದಲ್ಲಿ ಕಂಡ ದೊಡ್ಡ ಅಂಕಿಯೂ ಇಳಿಯುತ್ತದೆ. ಆ ಇಳಿದ ಅಂಕಿಯೇ ನಿಜವಾದದ್ದು. ಬರೀ ಫೋಮನ್ನೂ ಒಮ್ಮೆ ಅದೇ ದ್ರಾವಣದಲ್ಲಿ ಓಡಿಸಿ ನೋಡಿ. ನಿಕ್ಕಲ್ಲಿನ ಆಕ್ಸೈಡ್ ತಾನೇ ಚಾರ್ಜ್ ಹಿಡಿಯುತ್ತದೆ, ಅದನ್ನು ಗೆರಟೆಯ ಖಾತೆಗೆ ಬರೆಯುವುದು ಅನ್ಯಾಯ.

ಎರಡು ಎಲೆಕ್ಟ್ರೋಡ್‌ಗಳಲ್ಲಿ ತಲಾ 9 ಮಿ.ಗ್ರಾಂ ಕಾರ್ಬನ್, ವಿದ್ಯುತ್ 9 ಮಿಲಿಆಂಪಿಯರ್. 1 ವೋಲ್ಟಿನಿಂದ ಇಳಿಸತೊಡಗಿದ ಕ್ಷಣ 0.04 ವೋಲ್ಟ್ ದಿಢೀರನೆ ಬಿದ್ದು, ಉಳಿದ 0.96 ವೋಲ್ಟ್ ಇಳಿಯಲು 96 ಸೆಕೆಂಡ್ ಹಿಡಿಯಿತು ಎನ್ನೋಣ. ಸೆಲ್ಲಿನ ಧಾರಕತೆ 0.9 ಫ್ಯಾರಡ್. ವಿದ್ಯುತ್ ತುಂಬುವ 9ರಿಂದ ಇಳಿಸುವ 9ಕ್ಕೆ ತಿರುಗಿದ್ದರಿಂದ ಬದಲಾವಣೆ 18 ಮಿಲಿಆಂಪಿಯರ್, ಹಾಗಾಗಿ ಒಳರೋಧ 0.04 ಭಾಗಿಸು 0.018, ಅಂದರೆ 2.2 ಓಮ್. ಒಟ್ಟು 18 ಮಿ.ಗ್ರಾಂ ಮೇಲೆ ಗ್ರಾಮಿಗೆ 50 ಫ್ಯಾರಡ್. ಎರಡು ಕೆಪಾಸಿಟರ್ ಸರಣಿಯಲ್ಲಿರುವುದರಿಂದ ಒಂದು ಎಲೆಕ್ಟ್ರೋಡಿನ ಲೆಕ್ಕದಲ್ಲಿ ಇದೇ ನಾಲ್ಕು ಪಟ್ಟು, 200 ಫ್ಯಾರಡ್. ಶೀರ್ಷಿಕೆಯಲ್ಲಿ 200 ಬರೆದು, ಶಕ್ತಿಯ ಲೆಕ್ಕಕ್ಕೂ ಅದನ್ನೇ ಹಾಕುವುದು ದೊಡ್ಡ ತಪ್ಪು. ಶಕ್ತಿಗೆ 50 ಹಾಕಬೇಕು: ಅರ್ಧ ಗುಣಿಸು 50 ಗುಣಿಸು 0.96ರ ವರ್ಗ, ಭಾಗಿಸು 3.6, ಬಂದದ್ದು ಕಿಲೋಗ್ರಾಮಿಗೆ 6.4 ವ್ಯಾಟ್‌ಅವರ್. ಅದೂ ಬರೀ ಕಾರ್ಬನ್ ಮೇಲೆ. ಬೈಂಡರು, ಫೋಮ್ ಸೇರಿಸಿದರೆ ಒಟ್ಟು 102 ಮಿ.ಗ್ರಾಂ ದಾಟಿ ಅದು 1.1ಕ್ಕೆ ಕುಸಿಯುತ್ತದೆ. ಸಾವಯವ ಎಲೆಕ್ಟ್ರೋಲೈಟಿನ 2.7 ವೋಲ್ಟ್ ಸಾಧನಗಳು ಪೂರ್ತಿ ತೂಕದ ಮೇಲೆ 5ರ ಆಸುಪಾಸು ಕೊಡುತ್ತವೆ, ಲಿಥಿಯಂ ಅಯಾನ್ ಸೆಲ್ 150ರಿಂದ 250. ಫೋಮ್ ಬಿಟ್ಟು ತೆಳು ಹಾಳೆಗೆ ದಪ್ಪಗೆ ಬಳಿಯುವುದು ಹೇಗೆ ಎಂಬ ಕಡೆ ಒಂದು ಸೆಮಿಸ್ಟರ್ ಕಳೆದರೆ, ಇನ್ನೊಂದು ಹೊಸ ಸಿಪ್ಪೆ ಹುಡುಕುವುದಕ್ಕಿಂತ ಹೆಚ್ಚು ಫಲ ಸಿಗುತ್ತದೆ.

ಪೇಟೆಂಟ್ ವಿಷಯಕ್ಕೂ ಇದರ ನಂಟಿದೆ. ರಂಧ್ರಮಯ ಕಾರ್ಬನ್ ಎಲೆಕ್ಟ್ರೋಡಿನ ಕೆಪಾಸಿಟರಿಗೆ ಜನರಲ್ ಎಲೆಕ್ಟ್ರಿಕ್‌ನ ಬೆಕರ್ 1957ರಲ್ಲೇ ಪೇಟೆಂಟ್ ಪಡೆದಿದ್ದರು. ಗೆರಟೆ ಮತ್ತು ಹೈಡ್ರಾಕ್ಸೈಡ್ ಎಂಬ ಜೋಡಿಯೂ ಹಳೆಯದೇ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನಂತೆ, ಗೊತ್ತಿರುವ ವಿಧಾನದ ಬರೀ ಬಳಕೆ ಆವಿಷ್ಕಾರವಲ್ಲ. ಹೊಸ ಉತ್ಪನ್ನ ಬರಬೇಕು ಅಥವಾ ಒಂದಾದರೂ ಹೊಸ ಪ್ರತಿಕಾರಕ ಬಳಸಿರಬೇಕು. ಪೊಟ್ಯಾಷಿಯಂ ಸುರಕ್ಷಿತವಾಗಿ ಇಳಿಸುವ ಜೋಡಣೆ, ತೇವದಲ್ಲೂ ಒಡೆಯದ ಬೈಂಡರು, ದಪ್ಪ ಪದರ ಸೀಳದಂತೆ ಒಣಗಿಸುವ ಕ್ರಮ, ಹೊಸತನಕ್ಕೆ ಜಾಗವಿರುವುದು ಇಂಥಲ್ಲಿ. ವಿಜ್ಞಾನಿ ಜಾನ್ ಗುಡೆನಫ್ ತಂಡ 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡ್ ತೋರಿಸಿದಾಗ ಆ ವಿಶ್ವವಿದ್ಯಾಲಯ ಪೇಟೆಂಟ್ ಬೇಡವೆಂದಿತು. 1991ರಲ್ಲಿ ಸೋನಿ ಅದೇ ಕ್ಯಾಥೋಡ್ ಇಟ್ಟು ಸೆಲ್ ಮಾರಾಟಕ್ಕೆ ತಂದಿತು. ಕ್ರಮ ಹೀಗಿರಲಿ: ಮೊದಲು ತಾತ್ಕಾಲಿಕ ಅರ್ಜಿ, ಆಮೇಲೆ ಸಮ್ಮೇಳನದ ಪೋಸ್ಟರ್, 12 ತಿಂಗಳೊಳಗೆ ಪೂರ್ಣ ವಿವರಣೆ. ಅರ್ಜಿಯ ನಮೂನೆ 1ರಲ್ಲಿ ಭಾರತದ ಜೈವಿಕ ವಸ್ತು ಬಳಸಿದ್ದೀರಾ ಎಂಬ ಘೋಷಣೆ ಇದೆ. ಗೆರಟೆ ತಂದವರು ಆ ಸಾಲನ್ನು ಹೇಗೆ ತುಂಬಬೇಕೆಂದು ಕಾಲೇಜಿನ ಪೇಟೆಂಟ್ ವಿಭಾಗದಲ್ಲಿ ಮೊದಲೇ ಕೇಳಿ, ಗೆರಟೆ ಯಾವ ಊರಿನ ಯಾವ ಗಾಣದ್ದು, ಯಾವ ದಿನ ತಂದದ್ದು ಎಂಬುದನ್ನು ಲ್ಯಾಬ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.